ಡಬ್ಬಿಯ ಬೆನ್ನು ಓದುವುದು ಹೇಗೆ?

ಹೋದ ವರ್ಷ ನಮ್ಮ ಮನೆಯಲ್ಲೊಂದು ಮದುವೆ. ಎರಡು ದಿನ ಮೊದಲು ಚಿಕ್ಕಮ್ಮ ತಲೆಗೆ ‘ಹರ್ಬಲ್ ಕಪ್ಪು ಮೆಹೆಂದಿ’ ಹಚ್ಚಿಕೊಂಡರು. ಧಾರೆಯ ಹೊತ್ತಿಗೆ ಕಿವಿ ಊದಿ, ಹಣೆಯಂಚು ಕೆಂಪಾಗಿ ಉರಿ. ಫೋಟೊದಲ್ಲೆಲ್ಲ ತಲೆ ಮೇಲೆ ಸೆರಗು ಹೊದ್ದೇ ನಿಂತಿದ್ದಾರೆ. ಆಮೇಲೆ ಕಸದ ಬುಟ್ಟಿಯಿಂದ ಪ್ಯಾಕೆಟ್ ಹೆಕ್ಕಿ ನೋಡಿದೆವು. ಮುಂದೆ ದೊಡ್ಡದೊಂದು ಹಸಿರು ಎಲೆ. ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ರಾಸಾಯನಿಕ ಬಣ್ಣದ ಹೆಸರು, ‘ಪಿ-ಫಿನೈಲೀನ್‌ಡೈಅಮೈನ್’.

ಮುಂದಿನ ಎಲೆ, ಹೂವು ಎಲ್ಲ ಕಂಪನಿಯವರ ಇಷ್ಟ. ಹಿಂದೆ ಏನೇನು ಇರಲೇಬೇಕು ಅನ್ನುವುದನ್ನು 2020ರ ಕಾಸ್ಮೆಟಿಕ್ಸ್ ನಿಯಮಗಳು ಹೇಳುತ್ತವೆ. ಹಾಗಾಗಿ ಡಬ್ಬಿ ಕೈಗೆ ಬಂದ ಕೂಡಲೇ ತಿರುಗಿಸಿ.

ಮೊದಲು ಹುಡುಕಬೇಕಾದ್ದು ವಿಳಾಸ. ತಯಾರಕರ ಹೆಸರು, ಊರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನೊಳಗೆ ಬಳಸಬೇಕು ಅನ್ನುವ ದಿನಾಂಕ. ಹೊರದೇಶದ ಮಾಲಾದರೆ ಆಮದು ಮಾಡಿದವರ ವಿಳಾಸ ಮತ್ತು ನೋಂದಣಿ ನಂಬರ್. ಇಷ್ಟಿಲ್ಲದಿದ್ದರೆ ಮುಂದೆ ಓದುವ ಕೆಲಸವೇ ಇಲ್ಲ, ವಾಪಸ್ ಇಟ್ಟುಬಿಡಿ.

ಇದ್ದರೆ, ಇನ್‌ಗ್ರೀಡಿಯೆಂಟ್ಸ್ ಪಟ್ಟಿಗೆ ಬನ್ನಿ. ಜಾಸ್ತಿ ಇರುವುದು ಮೊದಲು, ಕಮ್ಮಿ ಇರುವುದು ಆಮೇಲೆ. ಶೇ 1 ಅಥವಾ ಅದಕ್ಕಿಂತ ಕಮ್ಮಿ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಸಾಮಾನ್ಯವಾಗಿ ಮೊದಲು ಕಾಣುವ ‘ಆಕ್ವಾ’ ಅಂದರೆ ಬರೀ ನೀರು. ‘ಕೋಕೋಸ್ ನ್ಯೂಸಿಫೆರಾ’ ಅಂದರೆ ನಮ್ಮ ತೆಂಗು, ‘ಲಾಸೋನಿಯಾ ಇನರ್ಮಿಸ್’ ಮದರಂಗಿ. ಒಂದು ಉಪಾಯ ಹೇಳುತ್ತೇನೆ. ಪಟ್ಟಿಯಲ್ಲಿ ‘ಫಿನಾಕ್ಸಿಎಥನಾಲ್’ ಎಲ್ಲಿದೆ ನೋಡಿ. ಮಾಲು ಕೆಡದಂತೆ ಹಾಕುವ ಈ ಪ್ರಿಸರ್ವೇಟಿವ್ ಅನ್ನು ಶೇ 1ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಮುಂದೆ ದೊಡ್ಡದಾಗಿ ಬರೆದ ಬಾದಾಮಿ, ಕೇಸರಿ ಇದರ ನಂತರ ಬಂದಿದ್ದರೆ, ಅವು ಹೆಸರಿಗಷ್ಟೇ ಇವೆ ಅಂತ ತಿಳಿಯಿರಿ.

30 ಗ್ರಾಂ ಅಥವಾ 60 ಮಿಲಿಗಿಂತ ಸಣ್ಣ ಪ್ಯಾಕಿಗೆ ಈ ಪಟ್ಟಿಯ ಕಡ್ಡಾಯ ಇಲ್ಲ. ಸ್ಯಾಷೆ ಕೊಳ್ಳುವವರು ಅಂಗಡಿಯಲ್ಲಿ ಅದೇ ಮಾಲಿನ ದೊಡ್ಡ ಬಾಟಲಿ ಎತ್ತಿ ಓದಿ. ಅಂಗಡಿಯವರು ಏನೂ ಅನ್ನುವುದಿಲ್ಲ.

ಕೂದಲ ಬಣ್ಣದ ವಿಚಾರದಲ್ಲಿ ಮಾತ್ರ ಅವಸರ ಬೇಡ. ಮದರಂಗಿ ಸೊಪ್ಪು ಕೊಡುವ ಬಣ್ಣ ಕಿತ್ತಳೆ, ಹೆಚ್ಚೆಂದರೆ ಕೆಂಗಂದು. ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಅಂದರೆ ಅದರಲ್ಲಿ ಬೇರೇನೋ ಇದೆ, ಅಲ್ವಾ? ಹೆಚ್ಚಾಗಿ ಅದು ಚಿಕ್ಕಮ್ಮನ ಪ್ಯಾಕೆಟ್ಟಿನಲ್ಲಿದ್ದದ್ದೇ. ಡಾಕ್ಟರುಗಳು ಚುಟುಕಾಗಿ ಪಿಪಿಡಿ ಅನ್ನುತ್ತಾರೆ. ನಿಷೇಧಿತ ವಸ್ತುವೇನಲ್ಲ, ಬಹಳ ಜನಕ್ಕೆ ಏನೂ ಆಗುವುದಿಲ್ಲ. ಆದರೆ ಹತ್ತು ವರ್ಷ ಸುಮ್ಮನಿದ್ದ ಮೈ ಒಂದು ದಿನ ಇದ್ದಕ್ಕಿದ್ದಂತೆ ಸಿಟ್ಟಾಗಬಹುದು. ಅದಕ್ಕೇ ಇಂಥ ಬಣ್ಣದ ಮೇಲೆ ಎಚ್ಚರಿಕೆ ಕಡ್ಡಾಯ. ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ಸೋಪು ಹಾಕಿ ತೊಳೆದು, ಕಲಸಿದ ಬಣ್ಣ ಒಂದಿಷ್ಟು ಹಚ್ಚಿ ಒಣಗಲು ಬಿಡಿ. 24 ಗಂಟೆ ಆದ ಮೇಲೆ ತೊಳೆಯಿರಿ. ನಾನಾದರೆ ಇನ್ನೂ ಒಂದು ದಿನ ಕಾಯುತ್ತೇನೆ, ಕೆಲವರಿಗೆ ಅಲರ್ಜಿ ತಡವಾಗಿ ಏಳುತ್ತದೆ. ತುರಿಕೆ, ಕೆಂಪು ಕಂಡರೆ ಆ ಬಣ್ಣ ನಿಮಗಲ್ಲ. ಹುಬ್ಬಿಗೆ, ರೆಪ್ಪೆಗೆ ಯಾವತ್ತೂ ಬೇಡ. ಕಣ್ಣೇ ಹೋಗಬಹುದು.

ಬೆಳ್ಳಗಾಗಿಸುವ ಕ್ರೀಮಿನ ಕಥೆ ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅಲ್ಲಿ ಪಟ್ಟಿಯೇ ಸುಳ್ಳು ಹೇಳಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಕಿಡ್ನಿ ತೊಂದರೆ ಅಂತ ಬಂದ ಹಲವರನ್ನು ವಿಚಾರಿಸಿದಾಗ, ಅವರು ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದದ್ದು ಗೊತ್ತಾಯಿತು. ತೊಂದರೆ ಕೊಟ್ಟದ್ದು ಪಾದರಸ. ಕಾಸ್ಮೆಟಿಕ್ ತಯಾರಿಕೆಯಲ್ಲಿ ಪಾದರಸ ಬಳಸುವಂತಿಲ್ಲ. ಅಕಸ್ಮಾತ್ ಸೇರಿದರೂ ಮುಖದ ಕ್ರೀಮಿನಲ್ಲಿ 10 ಲಕ್ಷದಲ್ಲಿ 1 ಪಾಲು ಮೀರಬಾರದು. ‘ಕ್ಯಾಲೊಮೆಲ್’, ‘ಮರ್ಕ್ಯುರಿಕ್’ ಅಂತ ಪಾದರಸದ ಹೆಸರೇನಾದರೂ ಕಂಡರೆ ಬಿಟ್ಟುಬಿಡಿ. ಹೆಸರೇ ಬರೆಯದವರನ್ನು ಹಿಡಿಯಲು ಇನ್ನೊಂದು ಸುಳಿವಿದೆ. ‘ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ’ ಅನ್ನುವ ಸೂಚನೆ ಇದೆಯಾ ನೋಡಿ. ಪಾದರಸ ಚಿನ್ನಕ್ಕೆ ಹತ್ತಿಕೊಳ್ಳುತ್ತದೆ ಅನ್ನುವುದು ಅಕ್ಕಸಾಲಿಗರಿಗೆ ಗೊತ್ತಿರುವ ಮಾತೇ.

ಮೆಡಿಕಲ್ ಶಾಪಿನಲ್ಲಿ ‘ಇದು ಹಚ್ಚಿ, ಒಂದು ವಾರದಲ್ಲಿ ಹೊಳಪು ಬರುತ್ತೆ’ ಅಂತ ಕೊಡುವ ಟ್ಯೂಬೂ ಇದೆಯಲ್ಲ, ಅದರ ಎಡ ಅಂಚಿನಲ್ಲಿ ಕೆಂಪು ಗೆರೆ ಇದ್ದರೆ ಅದು ಕ್ರೀಮಲ್ಲ, ಔಷಧಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಎಲ್ಲ ಸ್ಟಿರಾಯ್ಡ್. ಡಾಕ್ಟರು ಬರೆಯದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಬಿಟ್ಟರೆ ಮುಖ ಕೆಂಡದಂತಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಪ್ಯಾರಾಬೆನ್ ಭಯಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಂಡಿಲ್ಲ. ಪ್ಯಾರಾಬೆನ್ ಕೂಡ ಒಂದು ಬಗೆಯ ಪ್ರಿಸರ್ವೇಟಿವ್. ಯುರೋಪ್ 2014ರಲ್ಲಿ ಐದು ಬಗೆಯ ಪ್ಯಾರಾಬೆನ್ ನಿಷೇಧಿಸಿತು. ಮೀಥೈಲ್ ಪ್ಯಾರಾಬೆನ್‌ಗೆ ಮಿತಿ ಹಾಕಿ ಬಿಟ್ಟಿದೆ. ಪ್ರಿಸರ್ವೇಟಿವ್ ಇಲ್ಲದ ನೀರಿನ ಕ್ರೀಮಿಗೆ ಬೂಸ್ಟು ಹಿಡಿಯುತ್ತದೆ, ಅದೂ ಮುಖಕ್ಕೆ ಒಳ್ಳೆಯದಲ್ಲ. ಅಲರ್ಜಿ ಇರುವವರು ಇದಕ್ಕಿಂತ ‘ಪರ್ಫ್ಯೂಮ್’ ಅನ್ನುವ ಪದಕ್ಕೆ ಹೆದರಬೇಕು. ಆ ಒಂದೇ ಪದದ ಹಿಂದೆ ಹತ್ತಾರು ವಸ್ತು ಅಡಗಿರಬಹುದು. ಅನುಮಾನದ ಹೆಸರು ಕಂಡರೆ ಯುರೋಪಿಯನ್ ಕಮಿಷನ್ನಿನ ‘ಕಾಸ್‌ಇಂಗ್’ ಪಟ್ಟಿಯಲ್ಲಿ ಹುಡುಕಿ. ನಿಷೇಧ ಇದೆಯೋ, ಮಿತಿ ಎಷ್ಟೋ ಅಲ್ಲಿ ಸಿಗುತ್ತದೆ. ಬಿಟ್ಟಿ.

ಇಷ್ಟಾದರೂ ಮೈ ಉರಿದರೆ ತಣ್ಣೀರಲ್ಲಿ ಚೆನ್ನಾಗಿ ತೊಳೆದು ಚರ್ಮದ ಡಾಕ್ಟರ ಹತ್ತಿರ ಹೋಗಿ. ದೂರು ಕೊಡುವುದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಡಬ್ಬಿ, ಬಿಲ್ಲು ಎರಡನ್ನೂ ಎಸೆಯಬೇಡಿ. ಚಿಕ್ಕಮ್ಮನನ್ನು ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ಪ್ಯಾಕೆಟ್ ತಂದಿದ್ದೀರಾ?’