ಫ್ಯೂಸ್ ಜಾಗದಲ್ಲಿ ಹೆಡ್‌ಲೈಟ್ ಬಲ್ಬ್: ಟೇಲ್‌ಲೈಟ್ ಶಾರ್ಟ್ ಹಿಡಿದ ನನ್ನ ಅನುಭವ

ಟೇಲ್‌ಲೈಟ್ ಫ್ಯೂಸನ್ನು ಪದೇ ಪದೇ ಸುಡುತ್ತಿದ್ದ ನಮ್ಮ ಹಳೇ ಡೀಸೆಲ್ ಕಾರು ಈ ಮಳೆಗಾಲವಿಡೀ ಒಂದೇ ಫ್ಯೂಸಿನ ಮೇಲೆ ಓಡಿದೆ. ವೈರಿಂಗ್ ಪೂರಾ ಕಿತ್ತು ಹಾಕದೆ ಇದು ಸರಿಹೋಗದು ಅಂದವರು ಕಲಬುರಗಿಯಲ್ಲಿ ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಮ್ಮೊಮ್ಮೆ ರಾತ್ರಿ ಜೇವರ್ಗಿಗೆ ಹೋಗಿ ಬಂದರೂ ಏನೂ ಆಗುತ್ತಿರಲಿಲ್ಲ. ಒಮ್ಮೊಮ್ಮೆ ಗೇಟು ದಾಟುವ ಮೊದಲೇ 10 ಆಂಪಿನ ಕೆಂಪು ಫ್ಯೂಸ್ ಹೋಗಿರುತ್ತಿತ್ತು, ಜೊತೆಗೆ ಮೀಟರ್ ಲೈಟು, ನಂಬರ್ ಪ್ಲೇಟ್ ಲೈಟು ಕೂಡ. ಎರಡು ಗ್ಯಾರೇಜಿನವರು ಟೇಪ್ ಸುತ್ತಿ ಸುಮಾರು 1,500 ರೂಪಾಯಿ ತಗೊಂಡರು. ಮೂರನೆಯವನು, "ಸರ, ಹಾರ್ನೆಸ್ಸೇ ಹೋಗ್ಯಾದ್ರೀ, ಪೂರಾ ಬದಲಿ ಮಾಡ್ಬೇಕಾಗ್ತದ" ಅಂದ. ಹಾರ್ನೆಸ್ ಅಂದರೆ ಕಾರಿನ ವೈರುಗಳ ಇಡೀ ಕಟ್ಟು. ಕೂಲಿ ಸೇರಿ 18–20 ಸಾವಿರ. ಅಲ್ಲಿವರೆಗೆ 15ರ ನೀಲಿ ಫ್ಯೂಸ್ ಹಾಕಿಕೊಂಡು ಓಡಿಸಿ ಅಂತ ಸಲಹೆ ಬೇರೆ. ನಾನು ಒಪ್ಪಲಿಲ್ಲ. ವೈರು ಸುಡುವ ಮೊದಲು ಫ್ಯೂಸ್ ಸುಡಬೇಕು. ದೊಡ್ಡದು ಹಾಕಿದರೆ ಡ್ಯಾಶ್‌ಬೋರ್ಡಿನ ಹಿಂದೆ ವೈರೇ ಫ್ಯೂಸ್ ಆಗುತ್ತದೆ.

ಎಲ್ಲೋ ವೈರು ಕಾರಿನ ಬಾಡಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಅದನ್ನು ಹುಡುಕಲು ಮಲ್ಟಿಮೀಟರಿನ ಬೀಪ್ ಕೆಲಸಕ್ಕೆ ಬರಲ್ಲ. ಬಲ್ಬಿನ ಫಿಲಮೆಂಟೇ ಅರ್ಥ್‌ಗೆ, ಅಂದರೆ ಬಾಡಿಗೆ, ಹೋಗುವುದರಿಂದ ಶಾರ್ಟ್ ಇಲ್ಲದಿದ್ದರೂ ಕೂಗುತ್ತದೆ. ಮೇಲಾಗಿ ನಮ್ಮ ಶಾರ್ಟ್ ಬಂದು ಹೋಗುವಂಥದ್ದು.

ಕೊನೆಗೆ ಫ್ಯೂಸ್ ಕಿತ್ತು ಆ ಜಾಗಕ್ಕೆ ಹಳೇ ಹೆಡ್‌ಲೈಟ್ ಬಲ್ಬಿನ 55 ವ್ಯಾಟ್ ಫಿಲಮೆಂಟ್ ಜೋಡಿಸಿದೆ. ಶಾರ್ಟ್ ಆದ ಕೂಡಲೇ ಬಲ್ಬ್ ಪೂರ್ತಿ ಉರಿಯುತ್ತದೆ. ಎಂಥ ಶಾರ್ಟ್ ಆದರೂ ನಾಲ್ಕೂವರೆ–ಐದು ಆಂಪಿಗಿಂತ ಜಾಸ್ತಿ ಹರಿಯಲ್ಲ, ಫ್ಯೂಸ್ ಖರ್ಚೂ ಇಲ್ಲ. ಆದರೆ ಮೊದಲು ಟೇಲ್, ಪಾರ್ಕಿಂಗ್, ನಂಬರ್ ಪ್ಲೇಟ್ ಬಲ್ಬುಗಳನ್ನೆಲ್ಲ ತೆಗೆಯಲೇಬೇಕು, ಇಲ್ಲದಿದ್ದರೆ ಅವುಗಳ ಲೋಡಿಗೇ ಬಲ್ಬ್ ಸ್ವಲ್ಪ ಉರಿದು ದಾರಿ ತಪ್ಪಿಸುತ್ತದೆ. ಬಲ್ಬ್ ಇರುವುದು ಸ್ಟೇರಿಂಗ್ ಕೆಳಗೆ, ನನ್ನ ಕೈ ಡಿಕ್ಕಿಯಲ್ಲಿ. ಕರೆದರೆ ಬರುವ ಹುಡುಗರಿಲ್ಲ. ಹಾಗಾಗಿ ಬಲ್ಬಿಗೆ ಪ್ಯಾರಲಲ್ ಆಗಿ, ಅದರ ಎರಡೂ ತುದಿಗೆ, 12 ವೋಲ್ಟಿನ ಸಣ್ಣ ಬಜರ್ ಕಟ್ಟಿದೆ. ಬಲ್ಬ್ ಉರಿದರೆ ಅದು ಕೂಗುತ್ತದೆ. ಇದು ನನ್ನದೇ ತಲೆ, ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ.

ಲೈಟ್ ಸ್ವಿಚ್ ಹಾಕಿ ವೈರ್ ಅಲುಗಾಡಿಸುತ್ತ ಹೋದೆ. ಹೋಲ್ಡರ್‌ಗಳು, ಪಕ್ಕದ ಪ್ಯಾನೆಲ್, ಕಾರ್ಪೆಟ್ ಕೆಳಗೆ, ಎಲ್ಲೂ ಸದ್ದಿಲ್ಲ. ಡಿಕ್ಕಿ ಬಾಗಿಲು ಅರ್ಧಕ್ಕೆ ತಂದಾಗ ಬಜರ್ ಕಿರುಚಿತು! ಕಾರಿನಿಂದ ಬಾಗಿಲಿಗೆ ವೈರು ಹೋಗುವ ಮೇಲಿನ ರಬ್ಬರ್ ಬೂಟಿನ (ತೋಳಿನಂಥ ಕವಚ) ಒಳಗೆ ನಂಬರ್ ಪ್ಲೇಟ್ ಲೈಟಿನ ವೈರಿನ ಕವಚ ಸೀಳಿ, ತಾಮ್ರ ತಗಡಿನ ಅಂಚಿಗೆ ತಾಗುತ್ತಿತ್ತು. ನಮ್ಮ 42 ಡಿಗ್ರಿ ಬಿಸಿಲಿಗೆ ಕವಚ ಹಪ್ಪಳದ ಹಾಗೆ ಆಗಿರುತ್ತದೆ, ದಿನಾ ಬಾಗಿಲು ತೆಗೆದು ಹಾಕಿದರೆ ಉಳಿಯುವುದೆಲ್ಲಿ?

ಟೇಪ್ ಸುತ್ತಲಿಲ್ಲ. ಬೂಟಿನ ಎರಡೂ ಕಡೆ ಆಚೆಗೆ ಕತ್ತರಿಸಿ, ಹೊಸ ಫ್ಲೆಕ್ಸಿಬಲ್ ವೈರ್ ಬೆಸೆದು, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿದೆ. ಬಾಗುವ ಜಾಗದಲ್ಲಿ ಬೆಸುಗೆ ಬರಲೇಬಾರದು. ಬೂಟ್ ಹರಿಯದಂತೆ ವೈರ್ ಎಳೆಯುವ ಉಪಾಯ ನನ್ನ ಹತ್ತಿರವೇ ಇರಲಿ. ಬಜರ್, ವೈರ್, ಫ್ಯೂಸ್ ಪ್ಯಾಕೆಟ್ ಎಲ್ಲ ಸೇರಿ 250 ರೂಪಾಯಿ ದಾಟಿಲ್ಲ.

ಅದೇ ಹುರುಪಿನಲ್ಲಿ ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದುದನ್ನೂ ಹಿಡಿದೆ. ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು, ಫ್ಯೂಸ್ ಕೀಳದೆ ಪ್ರತಿ ಫ್ಯೂಸಿನ ಬೆನ್ನಿನ ಎರಡು ಲೋಹದ ಚುಕ್ಕೆಗಳ ನಡುವೆ ಮಲ್ಟಿಮೀಟರಿನಲ್ಲಿ ಮಿಲಿವೋಲ್ಟ್ ನೋಡಿದೆ. ಕರೆಂಟ್ ಹರಿಯುತ್ತಿದ್ದರೆ ಮಾತ್ರ ಅಲ್ಲಿ ಏನಾದರೂ ಕಾಣುತ್ತದೆ. ಉಳಿದವು ಸೊನ್ನೆ, ಮ್ಯೂಸಿಕ್ ಸಿಸ್ಟಮಿನದು ಎರಡರ ಹತ್ತಿರ. ಅಂದರೆ ಅಂದಾಜು ಕಾಲು ಆಂಪ್. ನಿಂತ ಕಾರಿನದೆಲ್ಲ ಸೇರಿ 50 ಮಿಲಿಆಂಪಿನೊಳಗೆ ಇರಬೇಕಾದ್ದು.

ಫ್ಯೂಸ್ ಜಾಗಕ್ಕೆ ಹಾಕಿದ ಬಲ್ಬ್ ತುಂಬ ಬಿಸಿಯಾಗುತ್ತದೆ, ಕಾರ್ಪೆಟ್ ಮೇಲೆ ಇಡಬೇಡಿ. ಹಳದಿ ಕನೆಕ್ಟರಿನ ಏರ್‌ಬ್ಯಾಗ್ ವೈರುಗಳ ಹತ್ತಿರವಂತೂ ಇದನ್ನು ಒಯ್ಯಲೇಬೇಡಿ.