ಕೀಲುನೋವೇ? ಡಾಕ್ಟರ ಹತ್ತಿರ ಹೋಗುವ ಮುಂಚೆ ಹೀಗೆ ನೋಡಿಕೊಳ್ಳಿ

‘ಮಂಡಿ ನೋವು ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಎಲ್ಲಿ ನೋವು, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು, ಯಾವ ಯಾವ ಕೀಲಿನಲ್ಲಿ ಎಂದು ಹೇಳಿದರೆ ಅವರ ಅರ್ಧ ಕೆಲಸ ಹಗುರ. ಎಕ್ಸ್‌ರೇ ಆಮೇಲಿನ ಮಾತು. ಅದರಲ್ಲಿ ಸವೆತ ಕಂಡರೂ ನೋವೇ ಇಲ್ಲದೆ ಓಡಾಡಿಕೊಂಡಿರುವವರು ಬೇಕಾದಷ್ಟು ಜನ ಇದ್ದಾರೆ.

ಮೊದಲು ಕೀಲು ಎಲ್ಲಿದೆ ಹುಡುಕಿ

ಕುರ್ಚಿ ಮೇಲೆ ಕೂತು ಪಾದ ನೆಲಕ್ಕೆ ಊರಿ. ಎರಡೂ ಹೆಬ್ಬೆರಳನ್ನು ಮಂಡಿಚಿಪ್ಪಿನ ಕೆಳಗೆ ಇಡಿ. ನಡುವೆ ದಪ್ಪ ಹುರಿಯಂಥದ್ದು ಸಿಗುತ್ತದೆ, ಅದರ ಅಕ್ಕಪಕ್ಕ ಒಂದೊಂದು ತಗ್ಗು. ಅಲ್ಲಿಂದ ಬೆರಳನ್ನು ಪಕ್ಕಕ್ಕೆ ಜಾರಿಸುತ್ತಾ ಹೋಗಿ. ಸಿಗುವ ಸಂದೇ ಕೀಲಿನ ಗೆರೆ. ಅದರ ಮೇಲೆ ತೊಡೆಮೂಳೆ, ಕೆಳಗೆ ಕಾಲಿನ ದೊಡ್ಡ ಮೂಳೆ. ಎರಡರ ತುದಿಗೂ ನುಣ್ಣನೆಯ ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್ ಹೊದಿಕೆ ಇರುತ್ತದೆ. ನಡುವೆ ಮೆನಿಸ್ಕಸ್ ಎಂಬ ಎರಡು ಮೆತ್ತೆಗಳು. ಇಡೀ ಕೀಲನ್ನು ಒಂದು ಚೀಲ ಸುತ್ತಿರುತ್ತದೆ, ಅದರ ಒಳಪೊರೆಯಿಂದ ಜಾರುವ ದ್ರವ ಒಸರುತ್ತದೆ.

ಕಾರ್ಟಿಲೇಜಿನಲ್ಲಿ ರಕ್ತನಾಳ ಇಲ್ಲ, ನರವೂ ಇಲ್ಲ. ನರ ಇಲ್ಲದ್ದರಿಂದ ಸವೆಯುವಾಗ ನಮಗೆ ಗೊತ್ತೇ ಆಗುವುದಿಲ್ಲ. ಅಡಿಯ ಮೂಳೆಯೋ ಸುತ್ತಲಿನ ಪೊರೆಯೋ ಕೆರಳಿದ ಮೇಲೆ ನೋವು ಶುರು. ರಕ್ತ ಹರಿಯದ್ದರಿಂದ ಒಮ್ಮೆ ಸವೆದರೆ ಮತ್ತೆ ತುಂಬಿಕೊಳ್ಳುವುದು ಕಷ್ಟ. ಅದಕ್ಕೆ ಆಹಾರ ಸಿಗುವುದು ಮುಖ್ಯವಾಗಿ ಆ ದ್ರವದಿಂದ. ಕೀಲಿನ ಮೇಲೆ ಭಾರ ಬಿದ್ದು ಬಿಟ್ಟು ಆದಾಗ ದ್ರವ ಒಳಗೆ ಹೋಗಿ ಬರುತ್ತದೆ. ನೋವು ಅಂತ ತಿಂಗಳುಗಟ್ಟಲೆ ಕಾಲು ಚಾಚಿ ಮಲಗಿಬಿಟ್ಟರೆ ಆ ಊಟಕ್ಕೂ ಕಲ್ಲು ಬಿದ್ದ ಹಾಗೆ, ಅಲ್ವಾ?

ಇನ್ನು ಲಟಲಟ ಸದ್ದು. ನೋವು, ಊತ ಇಲ್ಲದಿದ್ದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆರಳಿನ ನೆಟಿಗೆ ತೆಗೆದಾಗ ಸದ್ದು ಬರುವುದು ದ್ರವದಲ್ಲಿ ಏಳುವ ಗ್ಯಾಸ್ ಗುಳ್ಳೆಯಿಂದ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರು 60ಕ್ಕೂ ಜಾಸ್ತಿ ವರ್ಷ ಒಂದೇ ಕೈಯ ನೆಟಿಗೆ ತೆಗೆದು, ಇನ್ನೊಂದನ್ನು ಹಾಗೇ ಬಿಟ್ಟು ನೋಡಿದರು. ಯಾವ ಕೈಗೂ ಸಂಧಿವಾತ ಬರಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನವೂ ಸಿಕ್ಕಿತು. ಒಬ್ಬರ ಕೈ ಪುರಾವೆ ಆಗುವುದಿಲ್ಲ ನಿಜ, ಆದರೆ ಆ ಹಟಕ್ಕೆ ಮೆಚ್ಚಬೇಕು.

ನೀವೇ ಆಡಿಸಿ, ಆಮೇಲೆ ಬೇರೆಯವರಿಂದ ಆಡಿಸಿ

ಭುಜದ ನೋವಿಗೆ ಈ ಪರೀಕ್ಷೆ ತುಂಬಾ ಉಪಯೋಗ. ಮೊದಲು ನೀವೇ ತೋಳು ಎತ್ತಿ ನೋಡಿ. ಆಮೇಲೆ ತೋಳು ಸಡಿಲ ಬಿಟ್ಟು ಮನೆಯವರಿಗೆ ಮೆಲ್ಲಗೆ ಎತ್ತಲು ಹೇಳಿ. ನೀವು ಎತ್ತುವಾಗ ಮಾತ್ರ ನೋವು, ಅವರು ಎತ್ತಿದಾಗ ಸಲೀಸು ಎಂದಾದರೆ ತೊಂದರೆ ಹೆಚ್ಚಾಗಿ ಸ್ನಾಯುವಿನಲ್ಲೋ ಅದರ ತುದಿಯ ಹುರಿಯಲ್ಲೋ ಇರುತ್ತದೆ. ಯಾರು ಎತ್ತಿದರೂ ಒಂದೇ ಕಡೆ ತಡೆದು ನಿಂತರೆ ಕೀಲೇ ಬಿಗಿದಿದೆ ಎಂದರ್ಥ. ಫ್ರೋಜನ್ ಶೋಲ್ಡರ್ ಹೀಗೇ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ.

ಇನ್ನೊಂದು ಮೋಸವಿದೆ. ಸೊಂಟದ ಕೀಲು ಕೆಟ್ಟರೆ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳಬಹುದು. ಮಂಡಿಯಲ್ಲಿ ಏನೂ ಸಿಗದಿದ್ದರೆ ತೊಡೆಸಂದಿಯ ಕಡೆಗೂ ಗಮನ ಕೊಡಿ.

ಗಡಿಯಾರ ನೋಡಿ, ಗೆಣ್ಣು ನೋಡಿ

ಬೆಳಿಗ್ಗೆ ಎದ್ದಾಗ ಕೀಲು ಎಷ್ಟು ಹೊತ್ತು ಹಿಡಿದುಕೊಂಡಿರುತ್ತದೆ? ನಾಲ್ಕು ಹೆಜ್ಜೆ ನಡೆದು ಅರ್ಧ ಗಂಟೆಯೊಳಗೆ ಸಡಿಲವಾಗಿ, ಸಂಜೆ ಹೊತ್ತಿಗೆ ಓಡಾಡಿದಷ್ಟೂ ನೋವು ಜಾಸ್ತಿಯಾದರೆ ಅದು ಸಾಮಾನ್ಯವಾಗಿ ಸವೆತ, ಅಂದರೆ ಆಸ್ಟಿಯೋಆರ್ತ್ರೈಟಿಸ್. ಒಂದು ಗಂಟೆಯಾದರೂ ಬಿಡದಿದ್ದರೆ, ಸುಸ್ತೂ ಜೊತೆಗಿದ್ದರೆ ರುಮಟಾಯ್ಡ್ ಆರ್ತ್ರೈಟಿಸ್ ಇರಬಹುದು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಪೊರೆಯ ಮೇಲೆ ತಿರುಗಿಬೀಳುತ್ತದೆ.

ಕೈ ಬೆರಳುಗಳು ಇನ್ನೂ ಚೆನ್ನಾಗಿ ಹೇಳುತ್ತವೆ. ಉಗುರಿಗೆ ಹತ್ತಿರದ ಗೆಣ್ಣು ಗಟ್ಟಿಯಾಗಿ ಗಂಟುಗಟ್ಟಿದ್ದರೆ ಸವೆತ. ಮುಷ್ಟಿ ಕಟ್ಟಿದಾಗ ಮೇಲೇಳುವ ಬುಡದ ಗೆಣ್ಣುಗಳು, ಮಣಿಕಟ್ಟು, ಅದೂ ಎರಡೂ ಕೈಯಲ್ಲಿ ಮೆತ್ತಗೆ ಊದಿದ್ದರೆ ರುಮಟಾಯ್ಡ್ ಅನುಮಾನ. ಆ ಗೆಣ್ಣುಗಳನ್ನು ಅಡ್ಡಕ್ಕೆ ಸುಮ್ನೆ ಒತ್ತಿ ನೋಡಿ, ಕೈಕುಲುಕುವಾಗ ಒತ್ತುವಷ್ಟು ಸಾಕು. ಕಿರುಚುವಷ್ಟು ನೋವಾದರೆ ಮುಲಾಮು ಹಚ್ಚಿಕೊಂಡು ಕಾಯಬೇಡಿ. ಬೇಗ ಔಷಧಿ ಶುರುವಾದರೆ ಮೂಳೆ ಹಾಳಾಗುವುದನ್ನು ತಡೆಯಬಹುದು. ತಡ ಮಾಡಿದರೆ, ಒಮ್ಮೆ ಕೆಟ್ಟ ಕೀಲಿನ ಆಕಾರ ಮರಳಿ ಬರುವುದಿಲ್ಲ.

ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋದಂತಾದರೆ ಗೌಟ್ ಇರಬಹುದು. ಯೂರಿಕ್ ಆಸಿಡ್ ಹರಳುಗಳ ಕಾಟ ಇದು. ನೋವು ಜೋರಾಗಿರುವಾಗ ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸರಿಯಾಗಿಯೇ ಕಾಣಬಹುದು. ಹಾಗಾಗಿ ಕೆಲವು ವಾರ ಬಿಟ್ಟು ಮತ್ತೆ ಮಾಡಿಸುತ್ತಾರೆ.

ಇಂಥದ್ದಾದರೆ ಅವತ್ತೇ ಹೊರಡಿ

ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಕೀಲಿನೊಳಗೆ ಸೋಂಕು ಸೇರಿರಬಹುದು. ಕೀವು ಕೆಲವೇ ದಿನಗಳಲ್ಲಿ ಕಾರ್ಟಿಲೇಜನ್ನು ಹಾಳು ಮಾಡುತ್ತದೆ. ಬೆಳಗಾಗಲಿ ನೋಡೋಣ ಎನ್ನಬೇಡಿ. ಬಿದ್ದ ಮೇಲೆ ಕಾಲೂರಲು ಆಗದಿದ್ದರೂ ಅಷ್ಟೇ.

ಮಂಡಿ ಸವೆತವೇ ಆದರೆ

ತೂಕ ಜಾಸ್ತಿ ಇದ್ದರೆ ಮೊದಲು ಅದನ್ನು ಇಳಿಸಿ. ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ. ಜೊತೆಗೆ ತೊಡೆಯ ಮುಂಭಾಗದ ಸ್ನಾಯುವಿಗೆ ಬಲ ಬರಬೇಕು. ಅಂಗಾತ ಮಲಗಿ ಒಂದು ಮಂಡಿ ಮಡಿಸಿ. ಇನ್ನೊಂದು ಕಾಲನ್ನು ನೇರ ಮಾಡಿ, ತೊಡೆ ಬಿಗಿ ಹಿಡಿದು, ಒಂದು ಅಡಿಯಷ್ಟು ಎತ್ತಿ. ಐದು ಎಣಿಸಿ ನಿಧಾನಕ್ಕೆ ಇಳಿಸಿ. ಕಾಲನ್ನು ದೊಪ್ಪನೆ ಬಿಡಬೇಡಿ, ಇಳಿಸುವುದರಲ್ಲೂ ಅಷ್ಟೇ ಕೆಲಸವಿದೆ. ಹತ್ತು ಸಲ ಒಂದು ಕಾಲು, ಹತ್ತು ಸಲ ಇನ್ನೊಂದು. ಮಾಡುವಾಗ ಸ್ವಲ್ಪ ನೋವಾದರೆ ಗಾಬರಿ ಬೇಡ. ಮರುದಿನವೂ ಆ ನೋವು ಇಳಿಯದಿದ್ದರೆ ಹತ್ತನ್ನು ಐದಕ್ಕೆ ಇಳಿಸಿ.