ಹೊಒಪೊನೊಪೊನೊ: ಮನೆಮಂದಿ ಕೂತು ಮನಸ್ತಾಪ ಬಿಡಿಸುವ ಕ್ರಮ

ಹೊಒಪೊನೊಪೊನೊ ಹವಾಯಿ ದ್ವೀಪದವರ ರಾಜಿ ಪದ್ಧತಿ. ಒಬ್ಬರೇ ಕೂತು ‘ನನ್ನನ್ನು ಕ್ಷಮಿಸು’ ಎಂಬಂಥ ನಾಲ್ಕು ವಾಕ್ಯ ಜಪಿಸುವುದು ಅದರ ಈಚಿನ ರೂಪ. ಹವಾಯಿಯ ವಿದ್ವಾಂಸೆ ಮೇರಿ ಕವೇನಾ ಪುಕುಯಿ (1895–1986) ದಾಖಲಿಸಿದ ಹಳೆಯ ಕ್ರಮದಲ್ಲಿ ಸಂಬಂಧಪಟ್ಟ ಮನೆಯವರೆಲ್ಲ ಎದುರಿಗಿರಬೇಕು. ನಡೆಸುವವರು ಮನೆಯ ಹಿರಿಯರು, ಇಲ್ಲವೇ ಜಗಳದಲ್ಲಿ ಪಾಲಿಲ್ಲದ, ಎಲ್ಲರೂ ಒಪ್ಪುವ ವ್ಯಕ್ತಿ.

ಮೊದಲು ‘ಪುಲೆ’, ಅಂದರೆ ಪ್ರಾರ್ಥನೆ. ಆಮೇಲೆ ಹಿರಿಯರು ಸಮಸ್ಯೆ ಏನೆಂದು ಬಿಡಿಸಿ ಹೇಳುತ್ತಾರೆ. ಒಂದು ಸಲಕ್ಕೆ ಒಂದೇ ವಿಷಯ. ಈರುಳ್ಳಿ ಸುಲಿದಂತೆ ಅದರ ಅಡಿಯ ಕಾರಣಕ್ಕೆ ಇಳಿಯುತ್ತ ಹೋಗಬೇಕು. ಯಾರೇ ಮಾತಾಡಿದರೂ ಹಿರಿಯರನ್ನು ಉದ್ದೇಶಿಸಿಯೇ ಆಡಬೇಕು. ಬಹಳ ಕಡೆ ಕೆಡುವುದು ಇಲ್ಲಿಯೇ: ನೇರವಾಗಿ ಒಬ್ಬರನ್ನೊಬ್ಬರು ಪ್ರಶ್ನಿಸಿದರೆ ಮಾತಿಗೆ ಮಾತು ಬೆಳೆಯುತ್ತದೆ. ಸಿಟ್ಟು ಏರಿತೇ? ಹಿರಿಯರು ‘ಹೊಒಮಲು’ ಘೋಷಿಸುತ್ತಾರೆ. ಎಲ್ಲರೂ ಕೆಲಹೊತ್ತು ಸುಮ್ಮನಿರಬೇಕು.

ಮುಂದೆ ‘ಮಿಹಿ’. ತಪ್ಪು ಒಪ್ಪಿ ಕ್ಷಮೆ ಕೇಳುವುದು, ನಷ್ಟವಾಗಿದ್ದರೆ ಹೇಗೆ ತುಂಬಿಕೊಡುವುದೆಂದು ಅಲ್ಲೇ ತೀರ್ಮಾನಿಸುವುದು. ‘ಕಲಾ’ದಲ್ಲಿ ಎರಡೂ ಕಡೆಯವರು ಪರಸ್ಪರರನ್ನು ಮನಸ್ತಾಪದಿಂದ ಬಿಡುಗಡೆ ಮಾಡುತ್ತಾರೆ, ಹಾಗೆ ಬಿಟ್ಟುಕೊಟ್ಟ ವಿಷಯವನ್ನು ಮತ್ತೆ ಕೆದಕುವಂತಿಲ್ಲ. ಮುಕ್ತಾಯದ ಪ್ರಾರ್ಥನೆಯ ನಂತರ ಒಟ್ಟಿಗೆ ಊಟ. ಹಿಂದೆ ‘ಲಿಮು ಕಲಾ’ ಎಂಬ ಕಡಲಪಾಚಿಯನ್ನೂ ತಿನ್ನುತ್ತಿದ್ದರು.

ಒಂದೇ ಬೈಠಕ್ಕಿನಲ್ಲಿ ಮುಗಿಸಲು ಅವಸರ ಬೇಡ. ಮನಸ್ಸಿಲ್ಲದ ಕ್ಷಮೆ ಕಲಾ ಅಲ್ಲ. ಪ್ರಾರ್ಥಿಸಿ ನಿಲ್ಲಿಸಿ, ಇನ್ನೊಂದು ದಿನ ಮುಂದುವರಿಸಿ.